ಮುಖಪುಟದ ನಲ್ಲಿ

ನಮ್ಮೂರಲ್ಲಿ ಒಂದು ಸಣ್ಣ ಪತ್ರಿಕೆ ಇತ್ತು. ಅದರ ಸುದ್ದಿಯನ್ನೆಲ್ಲ ತಿದ್ದಿ, ಪುಟ ಕಟ್ಟುವವಳು ರತ್ನಾವತಿ.

ಒಂದು ಮಧ್ಯಾಹ್ನ ಪುರಸಭೆ ಅಧ್ಯಕ್ಷ ವೃಷಭೇಂದ್ರಪ್ಪನವರು ಪತ್ರಿಕೆಯ ಕಚೇರಿಗೇ ಬಂದರು. ಬೆಳಗ್ಗೆ ಅವರು ಹೊಸ ನಲ್ಲಿ ಉದ್ಘಾಟಿಸಿದ್ದರು. ನಲ್ಲಿಯೇನೋ ತಿರುಗಿತ್ತು, ನೀರು ಬಂದಿರಲಿಲ್ಲ.

"ನನ್ನ ಫೋಟೊ ಮುಖಪುಟದಲ್ಲಿ ಬರಬೇಕು. ನೀರು ಬರಲಿಲ್ಲ ಅಂತ ಒಂದಕ್ಷರ ಕಂಡರೂ ಪುರಸಭೆ ಜಾಹೀರಾತು ಇವತ್ತಿಗೇ ಬಂದ್."

ಆ ಜಾಹೀರಾತು ನಿಂತರೆ ಪತ್ರಿಕೆಯೂ ನಿಲ್ಲುತ್ತಿತ್ತು. ಆದರೆ ನೀರು ಬಂತು ಅಂತ ಬರೆಯಲು ರತ್ನಾವತಿಗೆ ಕೈ ಬರಲಿಲ್ಲ.

"ಒಂದಕ್ಷರವೂ ಇರಲ್ಲ ಸರ್," ಅಂದಳು.

ಮರುದಿನ ಮುಖಪುಟದ ಅರ್ಧ ತುಂಬ ಒಂದೇ ಫೋಟೊ. ನಗುವ ಅಧ್ಯಕ್ಷರು, ತಿರುಗಿಸಿದ ನಲ್ಲಿ, ಕೆಳಗೆ ಒಣ ಕೊಡ. ಅಡಿಯಲ್ಲಿ ಅವರ ಹೆಸರು ಮಾತ್ರ.

ಅದನ್ನು ನೋಡುತ್ತ ಊರಿಗೆ ಊರೇ ಕನಸಿಗೆ ಜಾರಿದಂತಾಯಿತು. ಟೀ ಅಂಗಡಿಯಲ್ಲಿ ಕೂತವರು ಪತ್ರಿಕೆಯನ್ನು ಮೆಲ್ಲಗೆ ಓರೆ ಮಾಡಿದರು, ಹನಿ ಜಾರೀತೇನೋ ಎಂಬಂತೆ. ಕ್ಷೌರದಂಗಡಿಯವನು ಫೋಟೊವನ್ನು ಹೊರಗೋಡೆಗೆ ಅಂಟಿಸಿದ. ಗೌರಜ್ಜಿ ಅದರ ಕೆಳಗೆ ತನ್ನ ಕೊಡ ತಂದಿಟ್ಟು, ಪಕ್ಕದಲ್ಲೇ ಕೂತು ಕಾದಳು. ಸಂಜೆಯ ಹೊತ್ತಿಗೆ ಅವಳ ಹಿಂದೆ ಕೊಡಗಳ ಸಾಲೇ ಬೆಳೆದಿತ್ತು. ಯಾರೂ ಬೈಯಲಿಲ್ಲ. ಸುಮ್ಮನೆ ಫೋಟೊ ನೋಡುತ್ತಿದ್ದರು. ಆ ದಾರಿಯಾಗಿ ಬಂದ ಅಧ್ಯಕ್ಷರ ಜೀಪು ಬಂದ ಹಾಗೇ ಹಿಂದಕ್ಕೆ ತಿರುಗಿತು.

ವಾರದೊಳಗೆ ನಲ್ಲಿಯಲ್ಲಿ ನೀರು ಬಂತು. ಅಧ್ಯಕ್ಷರು ಫೋನ್ ಮಾಡಿದರು. "ನೀರು ಬಂದಿದೆಯಮ್ಮ. ಬೇಗ ಫೋಟೊಗ್ರಾಫರನ್ನ ಕಳಿಸು. ಮುಖಪುಟದಲ್ಲೇ ಹಾಕು."

"ನಲ್ಲಿಯಲ್ಲಿ ನೀರು ಬಂದರೆ ಅದು ಸುದ್ದಿಯಲ್ಲ ಸರ್," ಅಂದಳು ರತ್ನಾವತಿ. "ನಿಂತರೆ ಹೇಳಿ, ಬರ್ತೀವಿ."