ನಾಳೆಯ ಇಡ್ಲಿಗೆ ಇವತ್ತಿನ ಬೆಲೆ

ಅಗರಬತ್ತಿ ಕಂಪನಿ ಮಾಲೀಕ ವಿಠೋಬರಾಯರ ಕಣ್ಣು ತಮ್ಮ ಕ್ಯಾಂಟೀನಿನ ಅಡುಗೆಯ ಸಾವಂತ್ರಮ್ಮನ ಚೀಟಿ ದುಡ್ಡಿನ ಮೇಲೆ ಬಿತ್ತು.

"ನಮ್ಮ ಷೇರು ತಗೋ. ಒಂದಕ್ಕೆ ಸಾವಿರ. ಮುಂದಿನ ಹತ್ತು ವರ್ಷದ ಲಾಭ ಪೂರ್ತಿ ಸೇರಿಸಿ ಕಟ್ಟಿದ ಬೆಲೆ!"

ಬೇಡವೆಂದರೆ ಕೆಲಸಕ್ಕೇ ಸಂಚಕಾರ. "ಆಗಲಿ ಯಜಮಾನ್ರೇ, ಮೊದಲು ತಿಂಡಿ ತಿನ್ನಿ," ಎಂದ ಸಾವಂತ್ರಮ್ಮ ಆಗತಾನೇ ರುಬ್ಬಿದ ಹಿಟ್ಟನ್ನು ತಟ್ಟೆಗೆ ಸುರಿದು, ಪಕ್ಕದಲ್ಲಿ ಚಟ್ನಿ ಬಡಿಸಿದಳು. "ನಾಲ್ಕು ಇಡ್ಲಿ, ನಲವತ್ತು ರೂಪಾಯಿ."

ರಾಯರು ಕೆಂಡವಾದರು. "ಇದು ಬರೀ ಹಿಟ್ಟು! ಇಡ್ಲಿಯಾಗೋಕೆ ನಾಳೆವರೆಗೆ ಕಾಯಬೇಕು. ಉಬ್ಬುತ್ತೋ, ಹುಳಿಯಾಗಿ ಹಾಳಾಗುತ್ತೋ ಯಾರಿಗೆ ಗೊತ್ತು? ಇದಕ್ಕೆ ಇಡ್ಲಿ ರೇಟು ಯಾರು ಕೊಡ್ತಾರೆ?"

"ಒಂದು ದಿನ ಕಾಯೋಕೇ ನೀವು ಬೆಲೆ ಇಳಿಸ್ತೀರಿ. ನಾನು ಹತ್ತು ವರ್ಷ ಕಾಯಬೇಕಲ್ಲ, ಎಷ್ಟು ಇಳಿಸ್ತೀರಿ?"

ರಾಯರು ತಟ್ಟೆ ನೋಡಿದರು. "ಆರುನೂರಕ್ಕೆ ಕೊಡ್ತೀನಿ."

"ಹಿಟ್ಟು ಉಬ್ಬಲಿ ಯಜಮಾನ್ರೇ," ಎಂದು ಸಾವಂತ್ರಮ್ಮ ತಟ್ಟೆ ಎತ್ತಿಕೊಂಡಳು. "ನಾಳೆ ಮಾತಾಡೋಣ."