ಎರಡು ಜಮಖಾನೆ

“ಗುರುಗಳೇ, ಜಗಳವಾಡುವವರನ್ನು ಸಿಟ್ಟು ಇಳಿಯುವ ತನಕ ದೂರ ದೂರ ಇಟ್ಟರೆ ತಪ್ಪಾಗುತ್ತದೆಯೇ?”

ಕೇಳಿದವನು ನತಾನಿಯೇಲ. ಕ್ರೈಸ್ತ ದೇವಶಾಸ್ತ್ರದ ಓದು ಮುಗಿಸಿ ಸಭೆಯ ಪಾಲಕನಾಗಿ ಅಭಿಷೇಕ ಪಡೆದಿದ್ದ. ಬರುವ ಭಾನುವಾರ ಒಂದು ಊರಿನ ಚರ್ಚಿನ ಸಭೆಯನ್ನು ವಹಿಸಿಕೊಳ್ಳಬೇಕಿತ್ತು. ಚುನಾವಣೆ ಮುಗಿದ ಮೇಲೆ ಆ ಸಭೆ ಎರಡು ಹೋಳಾಗಿತ್ತು. ಪ್ರಾರ್ಥನೆ ಮುಗಿಸಿ ಹೊರಗೆ ಬಂದವರು ಚರ್ಚಿನ ಅಂಗಳದಲ್ಲೇ ಒಬ್ಬರ ಕೊರಳಪಟ್ಟಿಗೆ ಒಬ್ಬರು ಕೈಹಾಕಿದ್ದರು. ಆ ಸುದ್ದಿ ಕೇಳಿದಾಗಿನಿಂದ ನತಾನಿಯೇಲನಿಗೆ ಊಟ ಸೇರುತ್ತಿರಲಿಲ್ಲ. ಬೆಳಗಿನ ಆರಾಧನೆ ಒಂದು ಪಕ್ಷಕ್ಕೆ, ಸಂಜೆಯ ಆರಾಧನೆ ಇನ್ನೊಂದು ಪಕ್ಷಕ್ಕೆ ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡು ಬಂದಿದ್ದ.

ಗುರು ಆನಂದಪ್ಪನವರು ಅವನ ಮುಖ ನೋಡಿದರು. ನೀನು ಕೇಳುತ್ತಿರುವುದು ಪ್ರಶ್ನೆಯೋ ಅಪ್ಪಣೆಯೋ ಎಂದರು. ಅವನು ತಲೆ ತಗ್ಗಿಸಿದ. ಗುರುಗಳು ಕತೆ ಹೇಳತೊಡಗಿದರು.

ಒಂದು ದೇಶ. ಆ ದೇಶದ ದೊರೆಯನ್ನು ಅವನ ಪ್ರಜೆಗಳಲ್ಲೇ ಅರ್ಧ ಮಂದಿ ಗದ್ದುಗೆಯಿಂದ ಇಳಿಸಿ ಗಡಿಯಾಚೆ ಅಟ್ಟಿದರು. ಉಳಿದರ್ಧ ಮಂದಿ ಅವನೇ ಮರಳಿ ಬರಬೇಕೆಂದರು. ಅವನು ಬೇಕೆನ್ನುವವರು ಹಳೆಯ ಪಕ್ಷದವರಾದರು, ಬೇಡವೆನ್ನುವವರು ಹೊಸ ಪಕ್ಷದವರಾದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡೂ ಕಡೆಯವರು ಒಂದೇ ಶಿಲುಬೆಯ ಮುಂದೆ ಮೊಣಕಾಲೂರುವವರು. ಕರ್ತನು ತಮ್ಮ ಕಡೆಗಿದ್ದಾನೆ ಎಂದು ಎರಡೂ ಕಡೆಯವರು ಆಣೆಯಿಟ್ಟು ಹೇಳುತ್ತಿದ್ದರು. ಕರ್ತನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಆ ದೇಶದ ಒಂದು ಊರಿನಲ್ಲಿ ಒಬ್ಬ ಪಾಲಕನಿದ್ದ. ಒಳ್ಳೆಯವನು, ಆದರೆ ಒಳ್ಳೆಯತನಕ್ಕಿಂತ ಅಂಜಿಕೆ ಒಂದು ಹಿಡಿ ಹೆಚ್ಚು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಗಟ್ಟಿ ದನಿಯವರು ಎದುರಿಗೆ ಬಂದರೆ ದಾರಿಯ ಅಂಚಿಗೆ ಸರಿದು ನಿಲ್ಲುವನು. ಹಾಗೆಂದು ಅವನನ್ನು ಹಗುರ ಮಾಡಬೇಡ. ಸಭೆಯ ಯಾರ ಮನೆಯಲ್ಲಿ ಜ್ವರ ಬಂದರೂ ಮೊದಲು ಬಾಗಿಲು ತಟ್ಟುವವನು ಅವನೇ. ಸಭೆಯವರನ್ನು ಹೆತ್ತ ಮಕ್ಕಳಂತೆ ಪ್ರೀತಿಸಿದ್ದ.

ಆ ಸಭೆಗೆ ಒಂದು ರೂಢಿಯಿತ್ತು. ರೊಟ್ಟಿ ಮುರಿದು ಹಂಚುವ ಕರ್ತನ ಭೋಜನಕ್ಕೆ ಮೊದಲು ಪಾಲಕನು ಮೇಜಿನ ಬಳಿಯಿಂದ ಇಳಿದು ಬಂದು, ಮುಂದೆ ಕೂತವನ ಜೋಡಿಸಿದ ಕೈಗಳನ್ನು ತನ್ನ ಕೈಗಳ ನಡುವೆ ಹಿಡಿದು ‘ಸಮಾಧಾನ’ ಎನ್ನುವನು. ಅವನು ತಿರುಗಿ ಪಕ್ಕದವನಿಗೆ ಕೊಡುವನು. ಹೀಗೆ ಕೈಯಿಂದ ಕೈಗೆ ದಾಟುತ್ತ ಸಮಾಧಾನವು ಬಾಗಿಲ ಬಳಿ ಕೂತ ಕೊನೆಯವನನ್ನು ಮುಟ್ಟಬೇಕು. ಅವನು ಎದ್ದು ನಿಂತು ‘ಮುಟ್ಟಿತು’ ಎನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಪಾಲಕನು ರೊಟ್ಟಿ ಮುರಿಯುವುದು. ಚರ್ಚಿನಲ್ಲಿ ಬೆಂಚುಗಳಿರಲಿಲ್ಲ. ಗೋಡೆಯಿಂದ ಗೋಡೆಗೆ ಹಾಸಿದ ಒಂದೇ ದೊಡ್ಡ ಜಮಖಾನೆ. ಮೊದಲು ಬಂದವರು ಮುಂದೆ, ತಡವಾಗಿ ಬಂದವರು ಹಿಂದೆ. ಸಾಹುಕಾರನ ಮೊಣಕೈ ಕೂಲಿಯವನ ಪಕ್ಕೆಗೆ ತಾಗುತ್ತಿತ್ತು.

ಆ ಜಮಖಾನೆಯ ಮೇಲೆ ಒಬ್ಬ ದರ್ಜಿಯೂ ಒಬ್ಬ ಕಮ್ಮಾರನೂ ಚಿಕ್ಕಂದಿನಿಂದ ಅಕ್ಕಪಕ್ಕ ಕೂತವರು. ದರ್ಜಿ ಹಳೆಯ ಪಕ್ಷ ಹಿಡಿದ, ಕಮ್ಮಾರ ಹೊಸ ಪಕ್ಷ ಹಿಡಿದ. ಒಂದು ದಿನ ರಾಜಧಾನಿಯಲ್ಲಿ ಹಳೆಯ ಪಕ್ಷದ ಗುಂಪಿನ ಮೇಲೆ ಗುಂಡು ಹಾರಿತು. ಗುಂಪು ಚದುರಿತೆಂಬ ಸುದ್ದಿ ಬಂದಾಗ ಕಮ್ಮಾರ ತನ್ನವರು ಗೆದ್ದರೆಂದು ಬೀದಿಯಲ್ಲಿ ಸಕ್ಕರೆ ಹಂಚಿದ. ಸತ್ತವರಲ್ಲಿ ದರ್ಜಿಯ ತಮ್ಮನಿದ್ದ. ಕಮ್ಮಾರನಿಗೆ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಾಚಿಕೆಯಿಂದ ಕುಗ್ಗಿಹೋದ. ಕುಗ್ಗಿದ್ದರಿಂದಲೇ ದರ್ಜಿಯ ಮನೆಯ ಕಡೆ ಹೆಜ್ಜೆ ಹಾಕಲಿಲ್ಲ. ನಾಚಿಕೆ ಹೊರಗಿನವರಿಗೆ ಬಹಳ ಸಲ ಹಗೆಯ ಹಾಗೆಯೇ ಕಾಣುತ್ತದೆ.

ಮುಂದಿನ ಭಾನುವಾರ ಸಮಾಧಾನವು ಕಮ್ಮಾರನ ತನಕ ಬಂತು. ಅವನು ತಿರುಗಿ ಕೈ ಚಾಚಿದ. ದರ್ಜಿಯ ಕೈಗಳು ಮಡಿಲು ಬಿಟ್ಟು ಮೇಲೇಳಲಿಲ್ಲ. ಹಿಂದಿನ ಸಾಲಿನವರು ಕಾದರು. ಬಾಗಿಲ ಬಳಿಯವನು ಏಳಲೇ ಇಲ್ಲ. ಪಾಲಕ ಮೇಜಿನ ಬಳಿಗೆ ಮರಳಿದ. ಅಂದು ರೊಟ್ಟಿ ಮುರಿಯದೆ ಆಶೀರ್ವಾದ ಹೇಳಿ ಜನರನ್ನು ಕಳಿಸಿದ. ಅಜ್ಜಂದಿರ ಕಾಲದಿಂದ ಹಾಗಾಗಿರಲಿಲ್ಲ.

ಪಾಲಕ ದರ್ಜಿಯ ಮನೆಗೆ ಹೋದ. ಕ್ಷಮೆಯ ಮಾತನ್ನು ಆದಷ್ಟು ಮೆತ್ತಗೆ ಎತ್ತಿದ. ಆ ದೇಶದವರು ಯಾವ ಮಾತಾಡುತ್ತಿದ್ದರೋ ನಾನರಿಯೆ, ನಮ್ಮ ಮಾತಿನಲ್ಲಿ ಹೇಳುತ್ತೇನೆ.

“ನನ್ನ ತಮ್ಮಗ ಮಣ್ಣ ಕೊಟ್ಟ ಕೈ ಇವು, ಅಯ್ಯನವರ,” ಎಂದ ದರ್ಜಿ. “ಇವನ್ನ ಸಕ್ಕರಿ ಹಂಚಿದವನ ಕೈಯಾಗ ಹೆಂಗ ಇಡ್ಲಿ? ಅವ ನನ್ನ ಮನೀಗೆ ಬಂದು ಒಂದು ಮಾತು ಆಡ್ಯಾನೇನು?”

ಪಾಲಕ ಹೊರಗೆ ಬಂದ. ಕಮ್ಮಾರನ ಮನೆ ಅದೇ ಬೀದಿಯಲ್ಲಿತ್ತು. ಅವನನ್ನು ಕರೆತಂದು ದರ್ಜಿಯ ಮುಂದೆ ಕೂರಿಸಿದ್ದರೆ ಇಬ್ಬರೂ ಅಳುತ್ತಿದ್ದರು, ಕತೆ ಅಲ್ಲಿಗೆ ಮುಗಿಯುತ್ತಿತ್ತು. ಪಾಲಕ ಆ ಕಡೆಗೆ ಹೊರಟೂ ಹೊರಟ. ಆದರೆ ಕಮ್ಮಾರನ ಜಗಲಿಯ ಮೇಲೆ ಅವನ ಪಕ್ಷದ ನಾಲ್ಕಾರು ಮಂದಿ ರೇಡಿಯೋದ ಸುತ್ತ ಕೂತು ಗಟ್ಟಿಯಾಗಿ ಬಯ್ದಾಡುತ್ತಿದ್ದರು. ಪಾಲಕ ಚಪ್ಪಲಿಯ ಸಪ್ಪಳವಾಗದಂತೆ ಹಿಂದಿರುಗಿದ.

ಆ ವಾರವೆಲ್ಲ ಅವನಿಗೆ ಒಂದೇ ಚಿಂತೆ. ಸಮಾಧಾನ ಮತ್ತೆ ನಡುವೆ ನಿಂತರೆ ಗತಿಯೇನು? ಇಂದು ಕೈ ಕೊಡದವರು ನಾಳೆ ಕೈ ಎತ್ತುತ್ತಾರೆ. ಕೈ ಎತ್ತಿದವರು ಕತ್ತಿ ಎತ್ತುತ್ತಾರೆ. ತನ್ನ ಕಣ್ಣೆದುರಿಗೇ ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಯಿತು ಅವನ ಬಾಳು. ಕೊನೆಗೆ ಒಂದು ಉಪಾಯ ಹೊಳೆಯಿತು. ಸಮಾಧಾನ ದಾಟಲಾರದ ಜಾಗವೊಂದಿದ್ದರೆ, ಆ ಜಾಗವನ್ನು ದಾಟುವ ಪ್ರಸಂಗವೇ ಬಾರದಂತೆ ಮಾಡಿದರಾಯಿತು.

ಭಾನುವಾರ ಜನ ಬಂದು ನೋಡಿದರೆ ದೊಡ್ಡ ಜಮಖಾನೆ ಇರಲಿಲ್ಲ. ಒಗೆಯಲು ಹಾಕಿದ್ದೇನೆ ಎಂದ ಪಾಲಕ. ಅದರ ಬದಲು ಎರಡು ಚಿಕ್ಕ ಜಮಖಾನೆಗಳಿದ್ದವು, ನಡುವೆ ನಡೆದಾಡುವಷ್ಟು ಬರಿಯ ನೆಲ. ಪಾಲಕ ಬಾಗಿಲಲ್ಲಿ ನಿಂತು ಬಂದವರಿಗೆ ಕೈಸನ್ನೆಯಿಂದ ಜಾಗ ತೋರಿಸಿದ. ಯಾರ ಪಕ್ಷದ ಹೆಸರನ್ನೂ ಎತ್ತಲಿಲ್ಲ. ದರ್ಜಿಯನ್ನು ಬಾವಿಯ ಕಡೆಯ ಜಮಖಾನೆಗೆ ಕಳಿಸಿದ, ಕಮ್ಮಾರನನ್ನು ಬೀದಿಯ ಕಡೆಯ ಜಮಖಾನೆಗೆ ಕಳಿಸಿದ. ಆಮೇಲೆ ತಾನೇ ಒಂದು ಸಲ ಈ ಕಡೆಗೆ, ಒಂದು ಸಲ ಆ ಕಡೆಗೆ ಸಮಾಧಾನ ಕೊಟ್ಟ. ಅದು ಎಲ್ಲೂ ತಡೆಯದೆ ಹರಿಯಿತು. ಎರಡು ಕಡೆಯಿಂದಲೂ ‘ಮುಟ್ಟಿತು’ ಎಂಬ ಮಾತು ಬಂತು. ಪಾಲಕ ಮೇಜಿನ ಕಡೆ ತಿರುಗಿ ಕಣ್ಣೊರೆಸಿಕೊಂಡ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು.

ಒಬ್ಬಳು ಮುದುಕಿ ಮಾತ್ರ ನಡುವಿನ ಬರಿಯ ನೆಲದ ಮೇಲೆ ಕೂತಳು. ಅವಳ ಇಬ್ಬರು ಗಂಡುಮಕ್ಕಳಲ್ಲಿ ಹಿರಿಯವನು ಹೊಸ ಪಕ್ಷ, ಕಿರಿಯವನು ಹಳೆಯ ಪಕ್ಷ. ದಾರಿಯಲ್ಲಿ ಕೂರಬೇಡಿ, ಯಾವುದಾದರೂ ಒಂದರ ಮೇಲೆ ಕೂರಿ ಎಂದು ಪಾಲಕ ಅವಳನ್ನು ಬೇಡಿಕೊಂಡ.

“ನನಗ ಎರಡೂ ಕಡಿ ಕೈ ನಿಲುಕಬೇಕಲ್ರಿ,” ಎಂದಳು ಮುದುಕಿ.

ವಯಸ್ಸಾದವಳೆಂದು ಅವಳನ್ನು ಅಲ್ಲಿಯೇ ಬಿಟ್ಟರು. ಒಬ್ಬ ಕುಂಬಾರನಿಗೆ ಆ ಸಲಿಗೆ ಸಿಗಲಿಲ್ಲ. ಅವನು ಯಾವ ಪಕ್ಷಕ್ಕೂ ಸೇರಿದವನಲ್ಲ, ಪ್ರಾರ್ಥನೆಗೆಂದು ಬರುವವನು. ಬೀದಿಯ ಕಡೆ ಗಾಳಿ ಚೆನ್ನಾಗಿ ಬೀಸುತ್ತದೆಂದು ಅಲ್ಲಿ ಕೂತ. ಅಂದಿನಿಂದ ಊರು ಅವನನ್ನು ಹೊಸ ಪಕ್ಷದವನೆಂದಿತು. ಹತ್ತು ಮಂದಿ ಹಾಗೆಂದ ಮೇಲೆ ಅವನಿಗೂ ಹೌದೇನೋ ಎನಿಸತೊಡಗಿತು.

ದಿನ ಕಳೆದಂತೆ ಪಾಲಕ ಬಾಗಿಲಲ್ಲಿ ನಿಲ್ಲುವ ಅಗತ್ಯವೂ ಉಳಿಯಲಿಲ್ಲ. ಅಂಬೆಗಾಲಿಡುವ ಮಕ್ಕಳಿಗೂ ತಮ್ಮ ಜಮಖಾನೆ ಯಾವುದೆಂದು ತಿಳಿದಿತ್ತು. ದೊಡ್ಡ ಜಮಖಾನೆ ಒಣಗಿ ಎಷ್ಟೋ ದಿನವಾಗಿತ್ತು. ಇನ್ನೊಂದು ವಾರ ನೋಡೋಣ ಎಂದು ಪಾಲಕ ಅದನ್ನು ಅಟ್ಟದ ಮೇಲೇ ಇಟ್ಟ. ಅಷ್ಟರಲ್ಲಿ ದರ್ಜಿಯ ಸಿಟ್ಟು ಇಳಿದಿತ್ತು. ಹಾಡಿನ ನಡುವೆ ಅವನು ಕತ್ತು ಹೊರಳಿಸಿ ಕಮ್ಮಾರನ ಕಡೆ ನೋಡುವನು. ಕಮ್ಮಾರನೂ ನೋಡುವನು. ಒಂದೇ ಜಮಖಾನೆಯಾಗಿದ್ದರೆ ಬರಿದೆ ತಿರುಗಿ ಕೈ ಚಾಚಿದ್ದರೆ ಸಾಕಿತ್ತು. ಈಗ ಎದ್ದು ನಿಲ್ಲಬೇಕು, ತನ್ನವರ ಮೊಣಕಾಲು ದಾಟಬೇಕು, ಎಲ್ಲರ ಕಣ್ಣೆದುರು ಬರಿಯ ನೆಲದ ಮೇಲೆ ನಡೆಯಬೇಕು. ಇಬ್ಬರಿಗೂ ಅಷ್ಟು ಧೈರ್ಯ ಬರಲಿಲ್ಲ. ಪಾಲಕ ಅದನ್ನು ಕಂಡ. ಕಂಡು, ಸದ್ಯ ಜಗಳವಿಲ್ಲವಲ್ಲ ಎಂದುಕೊಂಡ.

ಆಮೇಲೆ ಗಡಿಯಾಚೆಯಿಂದ ಹಳೆಯ ದೊರೆಯ ಸೈನ್ಯ ಮರಳಿ ಬಂತು. ಹೊಸ ಪಕ್ಷದ ಗಂಡಸರನ್ನು ಊರೂರಲ್ಲಿ ಹುಡುಕಿ ಎಳೆದೊಯ್ಯತೊಡಗಿತು. ಹೋದವರಲ್ಲಿ ಯಾರೂ ತಿರುಗಿ ಬಂದ ಸುದ್ದಿಯಿರಲಿಲ್ಲ. ಹೊಸ ಪಕ್ಷದ ಸೈನ್ಯ ಮೊದಲು ಬಂದಿದ್ದರೂ ಅದನ್ನೇ ಮಾಡುತ್ತಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಪಾಲಕ ಹಗಲಿರುಳು ಪ್ರಾರ್ಥಿಸಿದ. ಅವನೊಳಗೆ ಹಿಂದೆಂದೂ ಇಲ್ಲದ ಒಂದು ಗಟ್ಟಿತನ ಬಂತು. ನಾಲಿಗೆ ಕತ್ತರಿಸಿದರೂ ಸರಿ, ನನ್ನ ಸಭೆಯ ಒಬ್ಬನ ಹೆಸರನ್ನೂ ಹೇಳೆನು ಎಂದು ಶಿಲುಬೆಯ ಮುಂದೆ ಮಾತು ಕೊಟ್ಟ. ಅದು ಬಾಯಿಮಾತಲ್ಲ. ಅವನು ಆ ಮಾತು ಉಳಿಸಿಕೊಳ್ಳುತ್ತಿದ್ದ.

ಒಂದು ಭಾನುವಾರ ಆರಾಧನೆಯ ನಡುವೆ ಸೈನಿಕರು ಚರ್ಚಿನ ಬಾಗಿಲಿಗೆ ಬಂದರು. ಅವರ ನಾಯಕ ಟೋಪಿ ತೆಗೆದು ಶಿಲುಬೆಗೆ ತಲೆಬಾಗಿದ. ಅವನೂ ಕರ್ತನ ಭಕ್ತನೇ. ಪಾಲಕ ತುಟಿ ಬಿಗಿಹಿಡಿದು ಪ್ರಶ್ನೆಗಾಗಿ ಕಾದ. ನಾಯಕ ಅವನ ಕಡೆ ನೋಡಲಿಲ್ಲ. ಬಾವಿಯ ಕಡೆ ನೋಡಿದ. ಅಲ್ಲಿನ ಮುಖಗಳಲ್ಲಿ ಜೀವ ಬಂದಿತ್ತು. ಬೀದಿಯ ಕಡೆ ನೋಡಿದ. ಅಲ್ಲಿನ ಮುಖಗಳು ಬಿಳಚಿಕೊಂಡಿದ್ದವು. ಅವನಿಗೆ ಅಷ್ಟು ಸಾಕಾಯಿತು. ಬೀದಿಯ ಕಡೆಯ ಜಮಖಾನೆಯತ್ತ ಬೆರಳು ತೋರಿಸಿ, ಗಂಡಸರೆಲ್ಲ ಏಳಿ ಎಂದ.

ಕಮ್ಮಾರ ಎದ್ದ. ಕುಂಬಾರನೂ ಎದ್ದ, ತಾನು ಯಾವ ಪಕ್ಷದವನೂ ಅಲ್ಲವೆಂದ. ಹಾಗಾದರೆ ಇಲ್ಲೇಕೆ ಕೂತಿದ್ದೀಯೆ ಎಂದರು. ಗಾಳಿಗೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಮುದುಕಿಯ ಕೈಗೆ ಇಬ್ಬರು ಮಕ್ಕಳೂ ನಿಲುಕುತ್ತಿದ್ದರು. ಹಿರಿಯವನನ್ನು ಅವಳ ಕೈಯಿಂದ ಬಿಡಿಸಿಕೊಂಡರು. ಆಗ ದರ್ಜಿ ತನ್ನ ಜಾಗದಿಂದ ಎದ್ದ. ತನ್ನವರ ಮೊಣಕಾಲು ದಾಟಿ ಬಂದು, ಬರಿಯ ನೆಲದ ಮೇಲೆ ಕಾಲಿಟ್ಟು, ಕಮ್ಮಾರನ ಕಡೆ ಎರಡೂ ಕೈ ಚಾಚಿದ. ಒಬ್ಬ ಸೈನಿಕ ಅವನ ಹೆಗಲು ಹಿಡಿದು ಹಿಂದಕ್ಕೆ ನೂಕಿದ. ನೂಕಿದ್ದೂ ಮೆತ್ತಗೆ, ತಮ್ಮವನೆಂದು.

“ನಿನ್ನ ಜಾಗಾ ಇದಲ್ಲ, ಯಣ್ಣಾ. ಹೋಗಿ ಕೂಡು,” ಎಂದ.

ಎಲ್ಲರನ್ನೂ ಹೊರಗೆ ಸಾಗಿಸಿದ ಮೇಲೆ ನಾಯಕ ಟೋಪಿ ಹಾಕಿಕೊಂಡು ಪಾಲಕನ ಬಳಿ ಬಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. “ಬ್ಯಾರೆ ಊರಾಗ ಇವರನ್ನ ಆರಿಸಿ ತಗೀಲಿಕ್ಕೆ ನಮಗ ಇಡೀ ದಿನ ಹಿಡೀತಿತ್ತು, ಅಯ್ಯನವರ. ನೀವು ಕೆಲಸ ಹಗರ ಮಾಡೀರಿ,” ಎಂದು ಕೈಮುಗಿದು ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹೋದವರು ಮರಳಿ ಬಂದರೇ ಎಂದು ನತಾನಿಯೇಲ ಕೇಳಲಿಲ್ಲ. ಆ ಪಾಲಕನ ಮೇಲೆ ಅವನಿಗೆ ಮರುಕ ಬಂದಿತ್ತು, ಮರುಕಕ್ಕಿಂತ ಹೆಚ್ಚಾಗಿ ಭಯ. “ಆದರೆ ಅವನು ಯಾರನ್ನೂ ಹಿಡಿದುಕೊಡಲಿಲ್ಲವಲ್ಲ ಗುರುಗಳೇ? ಒಬ್ಬನ ಹೆಸರನ್ನೂ ಹೇಳಲಿಲ್ಲವಲ್ಲ?” ಎಂದ.

ಗುರುಗಳು ಒಂದೇ ಮಾತು ಹೇಳಿದರು.

“ಇಲ್ಲ, ಯಾರೂ ಹೆಸರು ಕೇಳಬೇಕಾಗಿಯೇ ಬಾರದ ಹಾಗೆ ಅವರನ್ನು ಕೂರಿಸಿಟ್ಟಿದ್ದ.”