ಉಲನವ್ವನ ಗುಡ್ಡ

“ಯಕ್ಕಾ, ಉಲನವ್ವನ ಗುಡ್ಡ ಎತ್ತಾಗ ಐತಿ?” ಎಂದು ಮೂರು ಕಡೆಯಾದರೂ ಕೇಳದೆ ಆ ಗುಡ್ಡ ಮುಟ್ಟಿದವರಿಲ್ಲ. ಕೃಷ್ಣೆಗೂ ಭೀಮೆಗೂ ನಡುವಿನ ಆ ಎರೆನೆಲದಲ್ಲಿ ಗುಡ್ಡಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಇವೆ. ತಲೆ ಚಪ್ಪಟೆ, ಮೈ ಮೆಟ್ಟಿಲು ಮೆಟ್ಟಿಲು, ಬಣ್ಣ ಕಪ್ಪು. ಹೊಲದಲ್ಲಿ ಕಸ ತೆಗೆಯುವ ಹೆಂಗಸು ಬಗ್ಗಿದ ಬೆನ್ನು ಎತ್ತದೆ, ಕೈಯಲ್ಲಿದ್ದ ಕುರ್ಪಿಯಿಂದಲೇ ದಿಕ್ಕು ತೋರಿಸಿ, “ಹಿಂಗ ಸೀದಾ ಹೋಗ್ರಿ, ಬಾವಿ ಬಂತಂದ್ರ ಅದೇ ಗುಡ್ಡ” ಎನ್ನುತ್ತಾಳೆ. ಬಾವಿ ಬರುತ್ತದೆ, ಗುಡ್ಡವೂ ಬರುತ್ತದೆ. ಆದರೆ ಉಲನವ್ವ ಯಾರು ಎಂದರೆ ಅಲ್ಲಿ ಗುಡಿಯಿಲ್ಲ, ಪೂಜಾರಿಯಿಲ್ಲ, ಹರಕೆಯಿಲ್ಲ. ಆ ಹೆಸರಿಗೆ ಕನ್ನಡದಲ್ಲಿ ಅರ್ಥವೂ ಇಲ್ಲ. ಊರಿನ ಹಿರಿಯರು ಮಾತ್ರ ಬಾವಿಯ ಕಟ್ಟೆಯ ಮೇಲೆ ಕೂತು, ಈ ನೆಲವನ್ನು ಒಂದು ದಿನವೂ ತುಳಿಯದ ಹೆಂಗಸಿನ ಹೆಸರು ಇಲ್ಲಿಗೆ ಹೇಗೆ ಬಂತೆಂಬುದನ್ನು ನಿಧಾನವಾಗಿ ಹೇಳುತ್ತಾರೆ.

ಹಿಂದೆ ಒಮ್ಮೆ, ನಮ್ಮ ಸೆಟ್ಟರು ಹಡಗು ಹತ್ತಿ ಮೂಡಣ ದ್ವೀಪಗಳಿಂದ ಕರ್ಪೂರ, ಜಾಯಿಕಾಯಿ ತರುತ್ತಿದ್ದ ಕಾಲದಲ್ಲಿ, ಬಾಚಲೆ ಎಂಬ ಸೆಟ್ಟಿತಿ ಇದ್ದಳಂತೆ. ಗಂಡ ಕಡಲಿನಲ್ಲಿ ತೀರಿಕೊಂಡ ಮೇಲೆ ಅವನ ವ್ಯಾಪಾರವನ್ನು ತಾನೇ ಹಿಡಿದು, ಅವನಿಗಿಂತ ದೂರ ಹೋಗಿ ಬಂದವಳು. ಒಂದೂರಲ್ಲಿ ಮೂರು ರಾತ್ರಿ ಕಳೆದರೆ ನಾಲ್ಕನೆಯ ಬೆಳಗ್ಗೆ ಅವಳ ಕಾಲು ತುರಿಸುತ್ತಿತ್ತು. ಕಂಡ ಊರನ್ನೆಲ್ಲ ಹೊಗಳುವಳು, ಯಾವ ಊರಿಗೂ ಮರುಳಾಗಳು. ಐವತ್ತು ದಾಟಿದ ಮೇಲೆ, ಪಡುವಲ ರೇವಿನಿಂದ ಎರಡು ಕತ್ತೆಗಳ ಮೇಲೆ ಸರಕು ಹೇರಿಕೊಂಡು ಕಲ್ಯಾಣದ ಕಡೆ ಹೊರಟವಳಿಗೆ ಈ ಅವಳಿಜವಳಿ ಗುಡ್ಡಗಳ ನಡುವೆ ದಾರಿ ತಪ್ಪಿತು. ಏಳು ಕಡಲು ದಾಟಿದವಳು ಎರೆಹೊಲದಲ್ಲಿ ಕಳೆದುಹೋದೆನಲ್ಲ ಎಂದು ತನಗೆ ತಾನೇ ನಗುತ್ತ, ಗುಡ್ಡದ ಬುಡದಲ್ಲಿ ಜನ ಕಂಡು ದಾರಿ ಕೇಳಲು ಅತ್ತ ತಿರುಗಿದಳು.

ಅಲ್ಲಿ ಒಂದು ಅರ್ಧಂಬರ್ಧ ಬಾವಿ. ಸುತ್ತ ಊರೆಲ್ಲ ನೆರೆದಿತ್ತು. ಕಟ್ಟೆಗೆ ಬೆನ್ನು ಕೊಟ್ಟು ಒಬ್ಬ ಮುದುಕಿ ಗಂಟು ಕಟ್ಟುತ್ತಿದ್ದಳು. ಅವಳ ಹೆಸರು ಸಾತವ್ವ. ಬರಿಗಾಲಲ್ಲಿ ನೆಲ ತುಳಿದು ನೀರಿನ ಜಾಗ ಹೇಳುವವಳು. ಆ ಸೀಮೆಯ ಕಟ್ಟಳೆ ಹೀಗಿತ್ತು: ಬಾವಿಗೆ ಜಾಗ ತೋರಿಸಿದವರು ನೀರಿಗೆ ಹೊಣೆ. ತೋರಿದ ಜಾಗ ಬರಿದಾದರೆ ಮುಂದಿನ ಅಮಾವಾಸ್ಯೆಗೆ ಅವರು ಊರು ಬಿಡಬೇಕು. ಅಮಾವಾಸ್ಯೆಗೆ ಉಳಿದದ್ದು ಮೂರೇ ದಿನ. ಬಾವಿ ಬರಿದೆಂದು ತೀರ್ಮಾನವಾಗಿರಲಿಲ್ಲ, ನೀರೂ ಬಂದಿರಲಿಲ್ಲ, ಅಗೆತ ನಡುವೆಯೇ ನಿಂತಿತ್ತು. ಎಂಟಾಳು ಆಳ ಕರಿಕಲ್ಲು ಒಡೆದ ಮೇಲೆ ಒಡ್ಡರ ಹಾರೆಗೆ ಇದ್ದಕ್ಕಿದ್ದಂತೆ ಕೆಂಪು ತಾಗಿತ್ತು. ಅದು ಭೂಮ್ತಾಯಿಯ ಹಸಿ ಮಾಂಸವೆಂದು ಒಡ್ಡರ ನಾಯಕ ಭರಮ ಹಾರೆ ಎಸೆದು ಮೇಲೆ ಬಂದಿದ್ದ. ಅವನ ಹಿಂದೆ ಹದಿನಾರು ಜನವೂ ಬಂದಿದ್ದರು.

“ನಾ ಕಲ್ಲು ಒಡಿಯಾಂವ, ತಾಯಿ ಮೈ ಕಡಿಯಾಂವ ಅಲ್ಲ” ಎಂದ ಭರಮ. ಊರಗೌಡ ಕೇತಪ್ಪ ಕೆಟ್ಟವನಲ್ಲ. ಆದರೆ ಕಟ್ಟಳೆ ಮುರಿಯುವ ಎದೆಗಾರಿಕೆ ಅವನಿಗಿರಲಿಲ್ಲ. “ಏನ್ ಮಾಡ್ಲಿ ಸಾತವ್ವ, ನೀನೇ ತೋರ್ಸಿದಿ” ಎಂದು ನೆಲ ನೋಡಿದ. ಸಾತವ್ವ ತಲೆಯೆತ್ತದೆ, “ನೀರು ಐತೋ ಗೌಡ. ನೀವು ಅದರ ಬಾಗಲಾ ಮುಟ್ಟಿ ತಿರುಗಿ ಬಂದೀರಿ” ಎಂದಳು. ಗಂಟು ಬಿಗಿಯಲು ಅವಳ ಕೈಗೆ ಶಕ್ತಿ ಸಾಲದೆ ಗಂಟು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು.

ಬಾಚಲೆ ದಾರಿ ಕೇಳುವುದನ್ನು ಮರೆತಳು. ಸೆರಗು ಸಿಕ್ಕಿಸಿ, ಯಾರನ್ನೂ ಕೇಳದೆ ಹಗ್ಗ ಹಿಡಿದು ಬಾವಿಗೆ ಇಳಿದಳು. ಕೆಳಗೆ, ಕರಿಕಲ್ಲಿನ ಅಡಿಯಲ್ಲಿ, ಕುಂಕುಮ ಬಳಿದ ಹೊಸ್ತಿಲಿನಂತೆ ಒಂದು ಕೆಂಪು ಪಟ್ಟಿ ಸುತ್ತಲೂ ಹಾದಿತ್ತು. ಅವಳು ಉಗುರಿನಿಂದ ಕೆರೆದು ಒಂದು ಚೂರು ತೆಗೆದು ನಾಲಿಗೆಗೆ ಇಟ್ಟಳು. ಸುಟ್ಟ ಮಡಕೆಯ ಚೂರಿನ ಹಾಗೆ ಅದು ಗಟ್ಟಿಯಾಗಿ ಅಂಟಿಕೊಂಡಿತು. ಮೇಲಿನಿಂದ ಬಗ್ಗಿ ನೋಡುತ್ತಿದ್ದ ಹೆಂಗಸೊಬ್ಬಳು, “ಯವ್ವಾ, ಈ ವಯಸ್ಸಿನ್ಯಾಗ ಮಣ್ಣು ತಿಂತಾಳಲ್ಲೇ, ಬಸುರಿ ಏನಬೇ ನೀ?” ಎಂದು ಕೂಗಿದಳು. ಊರು ಅಂದು ಮೊದಲ ಸಲ ನಕ್ಕಿತು. “ಹೌದವಾ, ಹನ್ನೊಂದು ವರ್ಷದ ಬಸರು, ಇನ್ನೂ ಇಳಿದಿಲ್ಲ” ಎಂದು ಬಾಚಲೆ ಕೆಳಗಿನಿಂದಲೇ ಉತ್ತರ ಕೊಟ್ಟಳು. ಯಾವ ಹನ್ನೊಂದು ವರ್ಷವೆಂದು ಆಗ ಯಾರಿಗೂ ತಿಳಿಯಲಿಲ್ಲ. ಮೇಲೆ ಬಂದು ಕೂತ ಮೇಲೆ ಅವಳೇ ಹೇಳಿದಳು.

ಮೂಡಣ ಕಡಲಿನ ಒಂದು ದ್ವೀಪದಲ್ಲಿ ಅವಳು ಬೆಂಕಿಯ ಬೆಟ್ಟ ಕಂಡಿದ್ದಳು. ಒಂದಲ್ಲ, ಸಾಲು ಸಾಲು. ಹೊಲಿಗೆ ಬಿಟ್ಟ ಗಾದಿಯ ಅಂಚಿನಲ್ಲಿ ಹತ್ತಿ ಇಣುಕುವಂತೆ, ಭೂಮಿಯ ಹೊಲಿಗೆ ಸಡಿಲಾದ ಕಡೆಯಲ್ಲೇ ಆ ಬೆಟ್ಟಗಳು ಏಳುತ್ತವೆ ಎಂದು ಅಲ್ಲಿ ತಲೆಗೆ ಬಟ್ಟೆ ಸುತ್ತಿ ಬೆಲ್ಲ ಮಾರುವ ಉಲನ್ ಎಂಬ ಹೆಂಗಸು ಅವಳಿಗೆ ತೋರಿಸಿದ್ದಳು. ನೆಲದ ಆಳದಲ್ಲಿ ಕಲ್ಲೇ ಕರಗಿ ಕುದಿಯುತ್ತದೆ. ಕರಗಿದ್ದು ಹಗುರಾಗುತ್ತದೆ, ಹಗುರಾದದ್ದು ಬಿರುಕು ಹುಡುಕಿಕೊಂಡು ಮೇಲೇಳುತ್ತದೆ. ಅದರೊಳಗೆ ಸಿಕ್ಕ ಗಾಳಿ, ಅಂಬಲಿಯ ಗುಳ್ಳೆಯಂತೆ ಉಬ್ಬಿ ಸಿಡಿಯುತ್ತದೆ. ಆ ಬೆಟ್ಟವನ್ನು ಬೇರೆ ಯಾರೂ ಕಟ್ಟಿದ್ದಲ್ಲ, ತಾನು ಕಾರಿದ್ದನ್ನೇ ಹೊದ್ದು ಹೊದ್ದು ಅದು ಬೆಳೆದದ್ದು. ಒಂದು ಹರಿವು ಆರಿದ ಮೇಲೆ ತಲೆತಲಾಂತರ ಸುಮ್ಮನಿರುತ್ತದೆ. ಮೇಲೆ ಮಣ್ಣಾಗುತ್ತದೆ, ಹುಲ್ಲು ಬರುತ್ತದೆ, ದನ ಮೇಯುತ್ತವೆ. ಆಮೇಲೆ ಇನ್ನೊಂದು ಹರಿವು ಬಂದು ಆ ಮಣ್ಣನ್ನು ಕುಂಬಾರನ ಆವಿಗೆಯಲ್ಲಿಟ್ಟ ಹಾಗೆ ಸುಟ್ಟು ಕೆಂಪು ಮಾಡುತ್ತದೆ.

“ಇದು ಮಾಂಸ ಅಲ್ಲೋ ಭರಮ. ಒಂದು ಕಾಲದ ಹೊಲ. ಅದರ ಮ್ಯಾಲ ಬೆಂಕಿ ಹರದೈತಿ” ಎಂದಳು ಬಾಚಲೆ. ಗುಡ್ಡದ ಮೆಟ್ಟಿಲುಗಳನ್ನು ಕೈಯಿಂದ ಎಣಿಸಿ ತೋರಿಸಿದಳು. ಒಂದೊಂದು ಮೆಟ್ಟಿಲು ಒಂದೊಂದು ಹರಿವು. ಆ ದ್ವೀಪದಲ್ಲಿ ಬೆಂಕಿ ಒಂದೇ ಬಾಯಿಂದ ಬಂದು ಶಿಖರ ಕಟ್ಟಿತು. ಇಲ್ಲಿ ಉದ್ದುದ್ದ ಬಿರುಕುಗಳಿಂದ ತೆಳುವಾಗಿ ಉಕ್ಕಿ ನಾಡಗಲ ಹರಿಯಿತು, ಅದಕ್ಕೇ ಶಿಖರವಿಲ್ಲದೆ ರೊಟ್ಟಿ ಒಟ್ಟಿದ ಹಾಗೆ ಚಪ್ಪಟೆ ಕೂತಿದೆ. “ನಾ ಅಲ್ಲಿ ಒಂದು ಬೆಟ್ಟ ಉರಿಯೋದು ನೋಡಿ ಬಾಯಿ ತೆರೆದು ನಿಂತಿದ್ದೆ. ನೀವು ಅಂಥಾ ಸಾವಿರ ಬೆಟ್ಟ ಹಾಸಿಕೊಂಡು ಮಲಗೀರಿ, ನಿಮಗ ಗೊತ್ತೇ ಇಲ್ಲ!” ಎನ್ನುವಾಗ ಊರೂರು ಸುತ್ತಿ ಯಾವ ಊರಿಗೂ ಮರುಳಾಗದ ಅವಳ ದನಿಯೂ ಬದಲಾಗಿತ್ತು ಎನ್ನುತ್ತಾರೆ.

ಆಮೇಲೆ ಉಳಿದದ್ದನ್ನೂ ಹೇಳಿದಳು. ಒಂದು ದಿನ ಆ ಬೆಟ್ಟ ಎದ್ದಿತು. ಬೂದಿ ಬಿದ್ದು ಬಾವಿಗಳೆಲ್ಲ ಹೂತುಹೋದವು. ಉಲನ್ ಒಂದು ಕೊರಕಲಿನಲ್ಲಿ ಇಂಥದೇ ಕೆಂಪು ಪಟ್ಟಿ ಹುಡುಕಿ, ಅದನ್ನು ತೂತು ಮಾಡಿ, ಕೆಳಗಿನ ಗುಳ್ಳೆಗಲ್ಲಿನಿಂದ ನೀರು ತೆಗೆದು ಬಾಚಲೆಯ ಜೀವ ಉಳಿಸಿದಳು. ಸುಟ್ಟ ಮಣ್ಣು ಮುಚ್ಚಳದ ಹಾಗೆ, ಅದರ ಕೆಳಗಿನ ಹಳೆಯ ಹರಿವಿನ ಗುಳ್ಳೆಗಳಲ್ಲಿ ನೀರು ಸಿಕ್ಕಿಕೊಂಡಿರುತ್ತದೆ. ಬಾಚಲೆ ಬಂದಿದ್ದ ಹಡಗು ಹೊರಡುವ ಕೊಂಬು ಕೇಳಿದಾಗ, ದಂಡೆಗೆ ಬಂದಿದ್ದ ಹಡಗಿನವರ ಚಿಕ್ಕ ದೋಣಿಯಲ್ಲಿ ಇನ್ನೊಬ್ಬರಿಗಷ್ಟೇ ಜಾಗ. “ನೀನಿರು, ಇದೇ ದೋಣಿ ತಿರುಗಿ ಕಳಿಸ್ತೀನಿ” ಎಂದು ಮಾತು ಕೊಟ್ಟು ಬಾಚಲೆ ಹತ್ತಿದಳು. ಹಡಗಿನವರು ದೋಣಿಯನ್ನು ಮೇಲೆಳೆದುಕೊಂಡು ಹಾಯಿ ಬಿಚ್ಚಿದರು. ಅವಳು ಅತ್ತಳು, ಬೈದಳು, ಆದರೆ ಕಡಲಿಗೆ ಹಾರಲಿಲ್ಲ. ಹಾರದಿದ್ದುದನ್ನೇ ಅವಳು ಹನ್ನೊಂದು ವರ್ಷ ಊರಿಂದೂರಿಗೆ ಹೊತ್ತು ತಿರುಗಿದ್ದಳು.

“ಈ ಮುದುಕಿ ಹೋಗೋದಾದ್ರ ನಾನೂ ಹೋಗ್ತೀನಿ. ಅಲ್ಲೀ ತನಕ ಈ ಕೆಂಪು ನಾ ಕಡೀತೀನಿ, ಪಾಪ ಬಂದ್ರ ನನಗಿರಲಿ” ಎಂದು ಬಾಚಲೆ ಹಾರೆ ಹಿಡಿದು ಮತ್ತೆ ಇಳಿದಳು. ಮೊದಲ ಏಟು ಅವಳದೇ. ಕೆಂಪು ಧೂಳು ಎದ್ದಿತು, ರಕ್ತವೇನೂ ಚಿಮ್ಮಲಿಲ್ಲ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅವಳ ಅಂಗೈ ಕಿತ್ತು ಹೋಗಿತ್ತು. ಅದನ್ನು ನೋಡಲಾರದೆ ಭರಮ ಇಳಿದು, “ಸರಿ ಅತ್ಲಾಗ, ನಿನ್ನ ಏಟಿಗೆ ಇರುವಿ ಸೈತ ಸಾಯಂಗಿಲ್ಲ” ಎಂದು ಹಾರೆ ಕಸಿದುಕೊಂಡ. ಎರಡನೆಯ ದಿನ ಕೆಂಪು ಮುಗಿದು ಜೇನುಹುಟ್ಟಿನಂತೆ ತೂತುತೂತಿನ ಕಲ್ಲು ಕಂಡಿತು, ಒಣಗಿಯೇ ಇತ್ತು. ಅಮಾವಾಸ್ಯೆಯ ಬೆಳಗ್ಗೆ ಸಾತವ್ವ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೊರಟು ನಿಂತಳು. ಅಷ್ಟರಲ್ಲಿ, ಇನ್ನೊಂದು ಮೊಳ ಇಳಿದಾಗ, ಭರಮನ ಕಾಲ ಕೆಳಗೆ ಕಲ್ಲು ಬೆವರಿತು. ಆಮೇಲೆ ನೂರು ತೂತುಗಳಿಂದ ನೂರು ಎಳೆಯಾಗಿ ನೀರು ಎದ್ದಿತು. ಒಡ್ಡರು ಕೂಗುತ್ತ ಹಗ್ಗ ಹತ್ತಿದರು. ಕೇತಪ್ಪಗೌಡ ತಾನೇ ಹೋಗಿ ಸಾತವ್ವನ ತಲೆಯ ಮೇಲಿನ ಗಂಟನ್ನು ಇಳಿಸಿದ. “ನಿಧಾನಕ್ಕೋ, ಅದರಾಗ ನನ್ನ ಗಡಿಗಿ ಐತಿ” ಎಂದಳಂತೆ ಮುದುಕಿ.

ಮೊದಲ ಏಟು ಹಾಕಿದವರ ಹೆಸರು ಬಾವಿಗೂ ಗುಡ್ಡಕ್ಕೂ ಇಡಬೇಕೆಂದು ಗೌಡ ಹೊರಟ. ಬಾಚಲೆ ಒಪ್ಪಲಿಲ್ಲ. ಆ ವಿದ್ಯೆ ನನ್ನದಲ್ಲ, ಇಟ್ಟರೆ ಉಲನ್ ಹೆಸರಿಡಿ ಎಂದಳು. ಊರವರು ಆ ಹೆಸರಿಗೆ ಒಂದು ‘ಅವ್ವ’ ಸೇರಿಸಿ ತಮ್ಮವಳನ್ನಾಗಿ ಮಾಡಿಕೊಂಡರು. ಮೂರು ರಾತ್ರಿಗಿಂತ ಹೆಚ್ಚು ಎಲ್ಲೂ ನಿಲ್ಲದ ಬಾಚಲೆ ಆ ಊರಲ್ಲಿ ಮೂರು ತಿಂಗಳು ನಿಂತಳು, ಒಂದು ಕಲ್ಲು ಕೆತ್ತಿಸುವುದಕ್ಕಾಗಿ.

ಆ ಕಲ್ಲು ಈಗಲೂ ಬಾವಿಯ ಮೆಟ್ಟಿಲ ಪಕ್ಕದಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಸುತ್ತ ಹಾದ ಕೆಂಪು ಪಟ್ಟಿಯೂ ಕಾಣುತ್ತದೆ, ಹೋದವರು ಕೈಯಿಂದ ಮುಟ್ಟಿ ನೋಡುತ್ತಾರೆ. ಕಲ್ಲಿನಲ್ಲಿ ತಲೆಗೆ ಬಟ್ಟೆ ಸುತ್ತಿದ ಒಬ್ಬ ಹೆಂಗಸು. ಅವಳ ಬೆನ್ನಿಗೆ ಚೂಪು ತಲೆಯ ಬೆಟ್ಟ, ಅಂಥ ಬೆಟ್ಟ ಆ ಸೀಮೆಯಲ್ಲಿ ಎಲ್ಲಿ ಹುಡುಕಿದರೂ ಇಲ್ಲ. ಬಂದವರು ಅದನ್ನು ಗೋಪುರವೆಂದುಕೊಂಡು ಕೈಮುಗಿಯುತ್ತಾರೆ. ಹೆಂಗಸಿನ ಪಾದದ ಹತ್ತಿರ, ಕಡಲು ಕಾಣದ ಆ ಎರೆನೆಲದ ನಡುವೆ, ಒಂದು ಚಿಕ್ಕ ದೋಣಿ. ಅದರಲ್ಲಿ ಯಾರೂ ಕೂತಿಲ್ಲ, ಅದರ ಮೂತಿ ಅವಳ ಕಡೆಗಿದೆ. ಕಲ್ಲುಕುಟಿಗ ದೋಣಿಯ ಕೊನೆಯ ಗೆರೆ ಎಳೆಯುವವರೆಗೆ ಬಾಚಲೆ ಪಕ್ಕದಲ್ಲೇ ಕೂತಿದ್ದು, ಅದನ್ನು ಒಮ್ಮೆ ನೀರಿನಿಂದ ತೊಳೆದು, ಅಂದೇ ಕತ್ತೆಗಳನ್ನು ಹೊಡೆದುಕೊಂಡು ಕಲ್ಯಾಣದ ದಾರಿ ಹಿಡಿದಳು ಎನ್ನುತ್ತಾರೆ.